ಮುಳ್ಳು ಸುಳ್ಳು ಹೇಳಿದರೆ ಮೊದಲು ಓಡೋಮೀಟರ್ ನೋಡಿ

ಬಂಗಾರಪೇಟೆ ಜಂಕ್ಷನ್ನಿನ ಹೊರಗೆ ಬೆಳಗಿನ ಹೊತ್ತು ಸಾಲುಗಟ್ಟಿ ನಿಲ್ಲುವ ದ್ವಿಚಕ್ರ ವಾಹನಗಳಲ್ಲಿ ಹೊಸವಕ್ಕೆಲ್ಲ ಡಿಜಿಟಲ್ ಪರದೆ ಬಂದಾಗಿದೆ. ಆದರೆ ಅವುಗಳ ನಡುವೆ ಹಳೆಯ ಸ್ಪ್ಲೆಂಡರ್, ಚೇತಕ್, ಆರ್‌ಎಕ್ಸ್ 100, ಬುಲೆಟ್‌ಗಳು ಇನ್ನೂ ಗಟ್ಟಿಯಾಗಿ ಓಡಾಡುತ್ತಿವೆ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಮಂದಿ ದಿನವೂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ಬರುತ್ತಾರೆ. ಮನೆಯಿಂದ ನಿಲ್ದಾಣಕ್ಕೆ, ನಿಲ್ದಾಣದಿಂದ ಮನೆಗೆ ಅವರಲ್ಲಿ ಎಷ್ಟೋ ಜನರಿಗೆ ಇಂಥ ಹಳೆಯ ಗಾಡಿಯೇ ಆಸರೆ. ಎಂಜಿನ್ ಚೆನ್ನಾಗಿರುತ್ತದೆ, ಬ್ರೇಕ್ ಹಿಡಿಯುತ್ತದೆ, ಮೀಟರ್ ಮಾತ್ರ ಹೇಳಿದಂತೆ ಕೇಳುವುದಿಲ್ಲ. ಪಕ್ಕದ ಬೈಕು 50 ತೋರಿಸುವಾಗ ಇದು 60 ತೋರಿಸುತ್ತದೆ. ಇಲ್ಲವೇ ಮುಳ್ಳು 30 ಮತ್ತು 70ರ ನಡುವೆ ಕುಣಿಯುತ್ತದೆ. ಅದೂ ಇಲ್ಲವೆಂದರೆ ಸತ್ತು ಸೊನ್ನೆಯಲ್ಲೇ ಮಲಗಿರುತ್ತದೆ.

ಇಂಥ ಗಾಡಿ ಅಂಗಡಿಗೆ ಬಂದರೆ ಹೆಚ್ಚಿನ ಕಡೆ ಸಿಗುವ ಉತ್ತರ ಒಂದೇ: ಮೀಟರ್ ಪೂರ್ತಿ ಬದಲಿಸಿ. ಅದು ಖರ್ಚಿನ ದಾರಿ. ಬಹಳ ಸಲ ತಪ್ಪು ದಾರಿಯೂ ಹೌದು, ಏಕೆಂದರೆ ಕಾಯಿಲೆ ಮೀಟರಿನ ಡಬ್ಬಿಯಲ್ಲಿ ಇರುವುದೇ ಇಲ್ಲ. ಚಕ್ರದ ಹಬ್ಬಿನಲ್ಲೋ ಕೇಬಲ್ಲಿನಲ್ಲೋ ಟೈರಿನಲ್ಲೋ ಇರುತ್ತದೆ. ಯಾವುದರಲ್ಲಿದೆ ಎಂದು ಒಂದು ಸ್ಕ್ರೂ ಕೂಡ ಬಿಚ್ಚದೆ ಕಂಡುಹಿಡಿಯಬಹುದು. ಅದಕ್ಕೆ ಬೇಕಾದ ಸಾಕ್ಷಿ ಅದೇ ಡಯಲ್ಲಿನೊಳಗೆ, ಮುಳ್ಳಿನ ಕೆಳಗೆ ಉರುಳುವ ಓಡೋಮೀಟರಿನ ಅಂಕಿಗಳಲ್ಲಿದೆ.

ಇದು ಅರ್ಥವಾಗಬೇಕಾದರೆ ಡಬ್ಬಿಯೊಳಗೆ ಏನು ನಡೆಯುತ್ತದೆಂದು ನೋಡಬೇಕು. ಬೈಕಿನ ಮುಂದಿನ ಚಕ್ರದ ಹಬ್ಬಿಗೆ ಅಂಟಿಕೊಂಡಂತೆ ಒಂದು ಸಣ್ಣ ಗೇರಿನ ಬಿಲ್ಲೆ ಇರುತ್ತದೆ. ಮೆಕ್ಯಾನಿಕ್‌ಗಳು ಅದನ್ನು ಮೀಟರ್ ಡ್ರೈವ್ ಎನ್ನುತ್ತಾರೆ. ಚಕ್ರ ತಿರುಗಿದಂತೆ ಅದರೊಳಗಿನ ವರ್ಮ್ ಗೇರು ಕೇಬಲ್ಲಿನ ಒಳತಂತಿಯನ್ನು ತಿರುಗಿಸುತ್ತದೆ. ಜೀಪು, ಅಂಬಾಸಿಡರ್‌ಗಳಲ್ಲಿ ಈ ತಿರುಗಾಟ ಗೇರ್‌ಬಾಕ್ಸ್ ಕಡೆಯಿಂದ ಬರುತ್ತದೆ. ತಂತಿಯ ಮೇಲ್ತುದಿ ಮೀಟರಿನೊಳಗೆ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಆ ಅಯಸ್ಕಾಂತವನ್ನು ಸುತ್ತುವರಿದು, ಎಲ್ಲಿಯೂ ತಾಗದಂತೆ, ತೆಳುವಾದ ಅಲ್ಯೂಮಿನಿಯಂ ಬಟ್ಟಲೊಂದು ನಿಂತಿರುತ್ತದೆ. ಅಯಸ್ಕಾಂತ ಅಲ್ಯೂಮಿನಿಯಮ್ಮನ್ನು ಸೆಳೆಯುವುದಿಲ್ಲ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ತಿರುಗುವ ಅಯಸ್ಕಾಂತ ಆ ಲೋಹದಲ್ಲಿ ಸುಳಿಸುಳಿಯಾಗಿ ವಿದ್ಯುತ್ ಹುಟ್ಟಿಸುತ್ತದೆ, ಆ ಸುಳಿವಿದ್ಯುತ್ತು ಬಟ್ಟಲನ್ನು ತಿರುಗುವ ದಿಕ್ಕಿಗೇ ಎಳೆಯುತ್ತದೆ. ವೇಗ ಇಮ್ಮಡಿಯಾದರೆ ಎಳೆತವೂ ಇಮ್ಮಡಿ. ಬಟ್ಟಲಿನ ಅಚ್ಚಿಗೆ ಕೂದಲೆಳೆಯಷ್ಟು ತೆಳುವಾದ ಸುರುಳಿ ಸ್ಪ್ರಿಂಗ್ ಒಂದನ್ನು ಕಟ್ಟಿರುತ್ತಾರೆ. ಅದು ಹಿಂದಕ್ಕೆ ಜಗ್ಗುತ್ತದೆ. ಎರಡು ಜಗ್ಗಾಟ ಎಲ್ಲಿ ಸಮವಾಗುತ್ತದೋ ಅಲ್ಲಿ ಮುಳ್ಳು ನಿಲ್ಲುತ್ತದೆ. ಡಯಲ್ಲಿನ ಗೆರೆಗಳು ಸಮದೂರದಲ್ಲಿರುವುದು ಇದೇ ಕಾರಣಕ್ಕೆ.

ಜರ್ಮನ್ ಎಂಜಿನಿಯರ್ ಓಟ್ಟೊ ಶುಲ್ಟ್ಸ ಈ ಉಪಕರಣಕ್ಕೆ ಬರ್ಲಿನ್ನಿನಲ್ಲಿ ಪೇಟೆಂಟ್ ನೋಂದಾಯಿಸಿದ್ದು 1902ರ ಅಕ್ಟೋಬರಿನಲ್ಲಿ. ಅದೇ ವರ್ಷದ ಜೂನ್‌ನಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ತಂತಿಮಾರ್ಗದಲ್ಲಿ ವಿದ್ಯುತ್ತು ಹರಿದು ಬಂದು ಕೋಲಾರದ ಗಣಿಗಳನ್ನು ಮುಟ್ಟಿತ್ತು. ಶಿವನಸಮುದ್ರದ ಜನರೇಟರಿನಲ್ಲಿ ನಡೆದದ್ದೂ, ಮೀಟರಿನ ಡಬ್ಬಿಯಲ್ಲಿ ನಡೆಯುವುದೂ ಭೌತಶಾಸ್ತ್ರದ ಒಂದೇ ನಿಯಮ: ಅಯಸ್ಕಾಂತಕ್ಕೂ ಲೋಹಕ್ಕೂ ನಡುವೆ ಚಲನೆಯಿದ್ದರೆ ವಿದ್ಯುತ್ ಹುಟ್ಟುತ್ತದೆ. ಚಿನ್ನದ ಊರಿನವರಿಗೆ ಈ ಸಂಗತಿ ಇಷ್ಟವಾಗಬೇಕು.

ಇನ್ನು ಓಡೋಮೀಟರಿನ ಕಥೆ ಬೇರೆ. ಅದಕ್ಕೆ ಅಯಸ್ಕಾಂತದ ಗೊಡವೆಯಿಲ್ಲ, ಸ್ಪ್ರಿಂಗಿನ ಹಂಗಿಲ್ಲ. ಅದೇ ಕೇಬಲ್ಲಿನಿಂದ ಹಲ್ಲಿಗೆ ಹಲ್ಲು ಕೂಡಿದ ಗೇರುಗಳ ಮೂಲಕ ಅಂಕಿಯ ಚಕ್ರಗಳು ತಿರುಗುತ್ತವೆ. ತಂತಿ ಇಂತಿಷ್ಟು ಸುತ್ತು ತಿರುಗಿದರೆ ಒಂದು ಕಿಲೋಮೀಟರ್, ಅಷ್ಟೇ. ಗಣಿಯ ಶಾಫ್ಟಿನಲ್ಲಿ ಪಂಜರ ಇಳಿಸುವ ವೈಂಡರಿನ ಚಾಲಕನ ಎದುರು ಆಳ ತೋರಿಸುವ ಡಯಲ್ ಇರುತ್ತಿತ್ತಲ್ಲ, ಅದೂ ಹಗ್ಗ ಸುತ್ತುವ ಡ್ರಮ್ಮಿನಿಂದ ಗೇರಿನ ಮೂಲಕವೇ ನಡೆಯುವ ಏರ್ಪಾಡು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದದ್ದು. ಅಲ್ಲಿ ಆಳದ ಲೆಕ್ಕಕ್ಕೆ ಗೇರನ್ನೇ ನಂಬಿದ್ದರೆಂದರೆ ಅದರ ಖಚಿತತೆ ಎಷ್ಟಿರಬೇಕೆಂದು ತಿಳಿಯುತ್ತದೆ.

ಹಾಗಾಗಿ ಪರೀಕ್ಷೆಯ ಸೂತ್ರ ಸರಳ. ಓಡೋಮೀಟರ್ ಸರಿಯಿದ್ದು ಮುಳ್ಳು ತಪ್ಪಾಗಿದ್ದರೆ ಕಾಯಿಲೆ ಡಬ್ಬಿಯೊಳಗಿನ ಅಯಸ್ಕಾಂತ, ಬಟ್ಟಲು, ಸ್ಪ್ರಿಂಗುಗಳಲ್ಲಿದೆ. ಎರಡೂ ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ಡಬ್ಬಿ ನಿರ್ದೋಷಿ. ಟೈರು, ಮೀಟರ್ ಡ್ರೈವ್ ಅಥವಾ ಗಾಡಿಗೆ ಹೊಂದದ ಮೀಟರ್ ಅದಕ್ಕೆ ಕಾರಣ. ಎರಡೂ ಸತ್ತಿದ್ದರೆ ಕೇಬಲ್ ತುಂಡಾಗಿದೆ ಅಥವಾ ಹಬ್ಬಿನ ಗೇರು ಸವೆದಿದೆ. ಮುಳ್ಳು ಸರಿಯಾಗಿ ಆಡುತ್ತಿದ್ದು ಅಂಕಿ ಮಾತ್ರ ನಿಂತಿದ್ದರೆ ಅಂಕಿಚಕ್ರದ ಪ್ಲಾಸ್ಟಿಕ್ ಗೇರಿನ ಹಲ್ಲು ಹೋಗಿದೆ.

ಓಡೋಮೀಟರನ್ನು ಯಾವುದರ ಜೊತೆ ಹೋಲಿಸುವುದು? ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನ ಜೊತೆ. ಬಂಗಾರಪೇಟೆಯಿಂದ ಕೆಜಿಎಫ್‌ಗೆ ಸುಮಾರು 15 ಕಿಲೋಮೀಟರ್. ಕೋಲಾರದ ಕಡೆಯ ರಸ್ತೆಯೂ ಇದಕ್ಕೆ ಹತ್ತಿರದ ಉದ್ದದ್ದೇ. ರಾಷ್ಟ್ರೀಯ ಹೆದ್ದಾರಿಯ ಕಲ್ಲಿಗೆ ಹಳದಿ ತಲೆ, ರಾಜ್ಯ ಹೆದ್ದಾರಿಯದಕ್ಕೆ ಹಸಿರು ತಲೆ. ರಸ್ತೆ ಅಗಲ ಮಾಡುವಾಗ ಕಲ್ಲುಗಳನ್ನು ಕಿತ್ತು ಅತ್ತಿತ್ತ ನೆಟ್ಟಿರುವುದು, ತಿರುವು ನೇರ ಮಾಡಿ ಕಲ್ಲು ಹಳೆಯ ಜಾಗದಲ್ಲೇ ಉಳಿದಿರುವುದು ಎಲ್ಲ ಕಡೆಯೂ ಉಂಟು. ಅದಕ್ಕೇ ಒಂದು ಕಲ್ಲಿನಿಂದ ಇನ್ನೊಂದಕ್ಕೆ ಅಳೆದು ತೀರ್ಪು ಕೊಡಬಾರದು. ಕನಿಷ್ಠ ಐದು ಕಿಲೋಮೀಟರ್ ಒಂದೇ ಓಟದಲ್ಲಿ ಅಳೆಯಬೇಕು, ಹತ್ತು ಸಿಕ್ಕರೆ ಇನ್ನೂ ಒಳ್ಳೆಯದು. ಹತ್ತನೇ ಒಂದು ಭಾಗ ತೋರಿಸುವ ಕೊನೆಯ ಅಂಕಿ ಇಲ್ಲದ ಮೀಟರುಗಳಿಗಂತೂ ಹತ್ತು ಕಿಲೋಮೀಟರ್ ಬೇಕೇ ಬೇಕು. ಕೊನೆಯ ಅಂಕಿ ಉರುಳಿ ನೆಟ್ಟಗೆ ನಿಂತ ಕ್ಷಣದಿಂದ ಲೆಕ್ಕ ಹಿಡಿದರೆ ತಪ್ಪು ಕಡಿಮೆ. ಹೊರಡುವ ಮೊದಲು ಟೈರಿಗೆ ಕಂಪನಿ ಹೇಳಿದಷ್ಟು ಗಾಳಿ ಇರಲಿ.

ಮುಳ್ಳಿನ ಪರೀಕ್ಷೆಗೆ ಈಗ ಫೋನಿನ ಜಿಪಿಎಸ್ ಸಾಕು. ತೆರೆದ ಆಕಾಶ, ನೇರ ರಸ್ತೆ, ಒಂದೇ ಸಮನಾದ ವೇಗ, ಈ ಮೂರೂ ಇದ್ದರೆ ಜಿಪಿಎಸ್ ಹೇಳುವ ವೇಗವನ್ನು ನಂಬಬಹುದು. ವೇಗ ಏರಿಸುವಾಗ, ಇಳಿಸುವಾಗ ಅದು ಒಂದೆರಡು ಕ್ಷಣ ಹಿಂದೆ ಬೀಳುತ್ತದೆ. ಆಗಿನ ಅಂಕಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಓಡಿಸುವವರೇ ಫೋನು ನೋಡುವುದು ಬೇಡವೇ ಬೇಡ. ಹಿಂದೆ ಕೂತವರು ಫೋನು ಹಿಡಿದು, ಮುಳ್ಳು 30, 40, 50ರಲ್ಲಿ ನಿಂತಾಗ ಓಡಿಸುವವರು ಕೂಗಿ ಹೇಳಿದರೆ ಅವರು ಬರೆದುಕೊಳ್ಳಲಿ.

ಜಿಪಿಎಸ್ ನಂಬದವರಿಗೆ ಹಳೆಯ ವಿಧಾನವಿದೆ. ಮುಳ್ಳನ್ನು ಒಂದೇ ಅಂಕಿಯ ಮೇಲೆ ಹಿಡಿದು ಒಂದು ಕಿಲೋಮೀಟರ್ ದಾಟಲು ಎಷ್ಟು ಸೆಕೆಂಡ್ ಬೇಕೆಂದು ಹಿಂದೆ ಕೂತವರು ನೋಡಬೇಕು. 3,600ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ನಿಜವಾದ ವೇಗ ಸಿಗುತ್ತದೆ. 60 ಸೆಕೆಂಡ್ ಹಿಡಿದರೆ ಗಂಟೆಗೆ 60, 72 ಹಿಡಿದರೆ 50, 90 ಹಿಡಿದರೆ 40. ಬೆಂಗಳೂರಿಗೆ ರೈಲಿನಲ್ಲಿ ಹೋಗುವವರು ತಮ್ಮ ಫೋನನ್ನೇ ಮೊದಲು ಹೀಗೆ ಪರೀಕ್ಷಿಸಿಕೊಳ್ಳಬಹುದು. ಬಂಗಾರಪೇಟೆಯಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್; ಹಳಿಯ ಪಕ್ಕದಲ್ಲಿ ಕಿಲೋಮೀಟರಿನ ಫಲಕಗಳಿವೆ. ರೈಲು ಒಂದೇ ಸಮನೆ ಓಡುವಾಗ ಕಿಟಕಿಯ ಪಕ್ಕ ಕೂತು ಒಂದು ಫಲಕದಿಂದ ಇನ್ನೊಂದಕ್ಕೆ 45 ಸೆಕೆಂಡ್ ಎಣಿಸಿದರೆ ಜಿಪಿಎಸ್ 80 ತೋರಿಸಬೇಕು, 40 ಸೆಕೆಂಡಾದರೆ 90. ಬಾಗಿಲಲ್ಲಿ ನಿಲ್ಲುವ ಅಗತ್ಯವಿಲ್ಲ.

ಈಗ ಬಂದ ಅಂಕಿಗಳನ್ನು ಓದುವ ಕೆಲಸ. ಐದು ಕಲ್ಲು ದಾಟಿದಾಗ ಓಡೋಮೀಟರ್ 5.4 ತೋರಿಸಿತು, ಜಿಪಿಎಸ್ 50 ಎಂದಾಗ ಮುಳ್ಳು 54ರಲ್ಲಿತ್ತು ಎಂದಿಟ್ಟುಕೊಳ್ಳೋಣ. ಎರಡೂ ಶೇ 8ರಷ್ಟು ಹೆಚ್ಚು. ಡಬ್ಬಿ ಸರಿಯಾಗಿದೆ, ಕೇಬಲ್ ಬೇಕಾದ್ದಕ್ಕಿಂತ ಹೆಚ್ಚು ಸುತ್ತು ತಿರುಗುತ್ತಿದೆ. ಓಡೋಮೀಟರ್ ಸರಿಯಾಗಿ 5.0 ತೋರಿಸಿ ಮುಳ್ಳು 56ಕ್ಕೆ ಹೋಗಿದ್ದರೆ ದೋಷ ಡಬ್ಬಿಯದ್ದು. ಮೂರನೆಯ ಸಾಧ್ಯತೆಯೊಂದಿದೆ, ಅದನ್ನು ಬಹಳ ಮಂದಿ ಗಮನಿಸುವುದಿಲ್ಲ: ಓಡೋಮೀಟರ್ 5.4, ಮುಳ್ಳು ಮಾತ್ರ ಸರಿಯಾಗಿ 50. ಇಲ್ಲಿ ಎರಡು ತಪ್ಪು ಒಂದನ್ನೊಂದು ಮುಚ್ಚಿವೆ. ಕೇಬಲ್ ಹೆಚ್ಚು ತಿರುಗುತ್ತಿದೆ, ಅಯಸ್ಕಾಂತ ಸೊರಗಿ ಮುಳ್ಳನ್ನು ಕೆಳಗೆ ಎಳೆದಿದೆ. ವೇಗ ಸರಿಯಿದೆಯೆಂದು ಬಿಟ್ಟರೆ ಮೈಲೇಜಿನ ಲೆಕ್ಕ ಪೂರ್ತಿ ಸುಳ್ಳಾಗುತ್ತದೆ. ಲೀಟರಿಗೆ 60 ಕೊಡುತ್ತದೆ ಎಂದು ನಂಬಿದ ಗಾಡಿ ನಿಜಕ್ಕೂ ಕೊಡುತ್ತಿರುವುದು 55.6.

ಯಾವುದನ್ನು ತಪ್ಪು ಎನ್ನಬೇಕು, ಎಷ್ಟನ್ನು ಸಹಿಸಬಹುದು ಎಂಬುದಕ್ಕೂ ಅಳತೆಯಿದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 117ನೇ ನಿಯಮ ವಾಹನಕ್ಕೆ ಸ್ಪೀಡೋಮೀಟರ್ ಇರಲೇಬೇಕು ಎನ್ನುತ್ತದೆ. ಹಲವು ದೇಶಗಳು ಅನುಸರಿಸುವ ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತೆಯೇ ಇಲ್ಲ. ಹೆಚ್ಚು ತೋರಿಸಬಹುದು, ಆದರೆ ಕಾರುಗಳಲ್ಲಿ ಆ ಹೆಚ್ಚಳ ನಿಜವೇಗದ ಹತ್ತನೇ ಒಂದು ಭಾಗಕ್ಕೆ 4 ಕಿಲೋಮೀಟರ್ ಕೂಡಿಸಿದಷ್ಟನ್ನು ಮೀರಬಾರದು. ಅಂದರೆ ನಿಜಕ್ಕೂ 60ರಲ್ಲಿ ಹೋಗುವಾಗ 70ರವರೆಗೆ ತೋರಿಸಿದರೂ ನಿಯಮದ ಒಳಗೇ. ತಯಾರಕರು ಬೇಕೆಂದೇ ಮುಳ್ಳನ್ನು ಸ್ವಲ್ಪ ಮೇಲಕ್ಕೆ ಇಟ್ಟಿರುತ್ತಾರೆ. ಆದ್ದರಿಂದ ಓಡೋಮೀಟರ್ ಸರಿಯಿದ್ದು, 50ರಲ್ಲಿ ಮುಳ್ಳು 53 ತೋರಿಸುವ ಗಾಡಿಯ ಡಬ್ಬಿ ಬಿಚ್ಚುವುದು ವ್ಯರ್ಥ ಶ್ರಮ. ಅದನ್ನು ಹಾಗೇ ಬಿಡಬೇಕು. ಕಡಿಮೆ ತೋರಿಸುವ ಮೀಟರನ್ನು ಮಾತ್ರ ಒಂದು ದಿನವೂ ಬಿಡಬಾರದು. 2018ರ ಕೇಂದ್ರ ಅಧಿಸೂಚನೆಯಂತೆ ಊರಿನೊಳಗೂ ಸಾಮಾನ್ಯ ರಸ್ತೆಯಲ್ಲೂ ಬೈಕಿನ ಗರಿಷ್ಠ ಮಿತಿ 60. ಮುಳ್ಳು 60ರಲ್ಲಿದೆ ಎಂದು ನೆಮ್ಮದಿಯಾಗಿ ಹೋಗುವವರು ನಿಜಕ್ಕೂ 66ರಲ್ಲಿದ್ದರೆ ದಂಡದ ಮಾತು ಹಾಗಿರಲಿ, ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರ ಐದನೇ ಒಂದು ಭಾಗದಷ್ಟು ಹೆಚ್ಚಾಗಿರುತ್ತದೆ.

ಚಿಕಿತ್ಸೆಗೆ ಬರೋಣ. ಕೆಳಗಿನಿಂದ ಮೇಲಕ್ಕೆ ಹೋಗುವುದೇ ಸರಿಯಾದ ಕ್ರಮ: ಟೈರು, ಹಬ್ಬು, ಕೇಬಲ್, ಕೊನೆಗೆ ಡಬ್ಬಿ.

ಮುಂದಿನ ಟೈರು ಬದಲಾದಾಗ ಅಂಗಡಿಯಲ್ಲಿ ಸಿಕ್ಕ ಅಳತೆಯದನ್ನೇ ಹಾಕಿಸಿಕೊಂಡವರು ಬಹಳ. 2.75-18ರ ಜಾಗಕ್ಕೆ 3.00-18 ಹಾಕಿದರೆ ಸುತ್ತಳತೆ ಶೇ 2ರಷ್ಟು ಹೆಚ್ಚುತ್ತದೆ, ಮೀಟರ್ ಅಷ್ಟು ಕಡಿಮೆ ತೋರಿಸುತ್ತದೆ. ಟೈರು ಸವೆದರೆ ಇದಕ್ಕೆ ಉಲ್ಟಾ. ಗಾಳಿ ಕಡಿಮೆಯಿದ್ದರೂ ಅಷ್ಟೇ, ಮೀಟರ್ ಹೆಚ್ಚು ತೋರಿಸುತ್ತದೆ. ಇವೆಲ್ಲ ಒಂದೆರಡು ಶೇಕಡಾದ ಮಾತು. ಜೀಪಿನಲ್ಲಿ ಇದು ದೊಡ್ಡದಾಗುತ್ತದೆ. 6.00-16ರ ಜಾಗಕ್ಕೆ ನೋಟ ಗಟ್ಟಿಯಾಗಿರಲಿ ಎಂದು 7.00-16 ಹಾಕಿಸಿದರೆ ಐದು ಕಲ್ಲಿಗೆ ಓಡೋಮೀಟರ್ ಸುಮಾರು 4.7 ತೋರಿಸುವ ಮಟ್ಟಕ್ಕೆ ಇಳಿಯಬಹುದು. ಮುಳ್ಳು 60 ಎಂದಾಗ ಗಾಡಿ 64ರಲ್ಲಿರುತ್ತದೆ. ಇಲ್ಲಿ ಡಬ್ಬಿಯನ್ನು ತಿದ್ದುವುದು ತಪ್ಪು, ಏಕೆಂದರೆ ಮುಳ್ಳು ಸರಿಯಾದರೂ ಓಡೋಮೀಟರ್ ಹಾಗೇ ಉಳಿಯುತ್ತದೆ. ಟ್ರಾನ್ಸ್‌ಫರ್ ಕೇಸಿನಲ್ಲಿ ಕೇಬಲ್ ಕೂರುವ ಜಾಗದ ಸಣ್ಣ ಪಿನಿಯನ್ನಿನ ಹಲ್ಲು ಎಣಿಸಿ, ಅದನ್ನು 4.7ರಿಂದ ಗುಣಿಸಿ 5ರಿಂದ ಭಾಗಿಸಬೇಕು. 16 ಹಲ್ಲಿದ್ದರೆ ಉತ್ತರ 15. ಹದಿನೈದು ಹಲ್ಲಿನ ಪಿನಿಯನ್ ಹಾಕಿದರೆ ಮುಳ್ಳು, ಅಂಕಿ ಎರಡೂ ಒಟ್ಟಿಗೆ ಸರಿಹೋಗುತ್ತವೆ. ಅಂಥ ಪಿನಿಯನ್ ಸಿಗದಿದ್ದರೆ ಕೇಬಲ್ಲಿನ ನಡುವೆ ಕೂರಿಸುವ ಪುಟ್ಟ ರೇಶಿಯೊ ಗೇರ್‌ಬಾಕ್ಸ್ ಇನ್ನೊಂದು ದಾರಿ.

ಕೋಲಾರದ ಟೊಮೆಟೊ ಮಾರುಕಟ್ಟೆಗೆ ಓಡುವ ಪಿಕಪ್ ಮಾಲೀಕರು ಇದನ್ನು ವಿಶೇಷವಾಗಿ ಗಮನಿಸಬೇಕು. ಸಾಗಣೆ ವಾಹನಗಳಿಗೆ 118ನೇ ನಿಯಮದಡಿ ವೇಗ ನಿಯಂತ್ರಕದ ಕಟ್ಟಳೆಯಿದೆ. ಅದು ಕೂಡ ಚಕ್ರದ ಸುತ್ತುಗಳನ್ನೇ ಎಣಿಸಿ ವೇಗ ಲೆಕ್ಕ ಹಾಕುವಂಥದ್ದು. ದೊಡ್ಡ ಟೈರು ಹಾಕಿದರೆ 80ಕ್ಕೆ ಕಟ್ಟಿಹಾಕಿದ ಗಾಡಿ 85ರಲ್ಲಿ ಓಡುತ್ತಿರುತ್ತದೆ, ಚಾಲಕರಿಗೆ ಗೊತ್ತೇ ಆಗುವುದಿಲ್ಲ.

ಹಬ್ಬಿನ ಕಡೆ ಬಂದರೆ, ಪಂಕ್ಚರ್ ಹಾಕಿಸಿದ ಮಾರನೆಯ ದಿನವೇ ಮೀಟರ್ ಸತ್ತಿದೆ ಎಂಬ ದೂರು ಎಲ್ಲೆಡೆ ಕೇಳಿಬರುತ್ತದೆ. ಕಾರಣ ಒಂದು ತೆಳು ಉಂಗುರ. ಮೀಟರ್ ಡ್ರೈವಿನೊಳಗಿನ ಈ ಉಂಗುರಕ್ಕೆ ಎರಡು ಕಿವಿಗಳಿರುತ್ತವೆ, ಅವು ಹಬ್ಬಿನ ಎರಡು ಕಚ್ಚುಗಳಲ್ಲಿ ಕೂರಬೇಕು. ಅವಸರದಲ್ಲಿ ಚಕ್ರ ಕೂರಿಸಿ ಆಕ್ಸಲ್ ಬಿಗಿದರೆ ಕಿವಿಗಳು ಕಚ್ಚಿನಲ್ಲಿ ಕೂರದೆ ಮಡಚಿ ಹೋಗುತ್ತವೆ. ಚಕ್ರ ತಿರುಗುತ್ತದೆ, ಉಂಗುರ ತಿರುಗುವುದಿಲ್ಲ. ಚಕ್ರ ಕೂರಿಸುವಾಗ ಡ್ರೈವನ್ನು ಕೈಯಲ್ಲಿ ಅತ್ತಿತ್ತ ಆಡಿಸಿ, ಕಿವಿ ಕಚ್ಚಿಗೆ ಬಿದ್ದದ್ದು ಬೆರಳಿಗೆ ತಿಳಿದ ಮೇಲೆಯೇ ಆಕ್ಸಲ್ ತೂರಿಸಬೇಕು. ಅರ್ಧ ನಿಮಿಷದ ಕೆಲಸ.

ಕೆಜಿಎಫ್‌ನಲ್ಲಿ ಹಬ್ಬಿನ ಧೂಳುಸೀಲಿನ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಚಿನ್ನ ತೆಗೆದ ಮೇಲೆ ಉಳಿದ ನುಣುಪಾದ ಮಣ್ಣನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಸುರಿದು ಎದ್ದ ಸೈನೈಡ್ ದಿಬ್ಬಗಳು ಊರಿನ ಉದ್ದಕ್ಕೂ ಇವೆ. ಗಾಳಿಯ ದಿನಗಳಲ್ಲಿ ಅಲ್ಲಿಂದ ಏಳುವ ಧೂಳು ಹಿಟ್ಟಿನಷ್ಟು ನಯ. ಅರೆದ ಕಲ್ಲಿನ ಈ ಪುಡಿ ಗ್ರೀಸಿನೊಂದಿಗೆ ಬೆರೆತರೆ ಲೋಹವನ್ನೂ ನೈಲಾನನ್ನೂ ತಿನ್ನುವ ಉಜ್ಜುಲೇಪವೇ ಆಗುತ್ತದೆ. ಒಡೆದ ಸೀಲನ್ನು ಬದಲಿಸದೆ ಹೊಸ ವರ್ಮ್ ಹಾಕಿದರೆ ಅದೂ ಬೇಗ ಸವೆಯುತ್ತದೆ. ಆಂಡರ್ಸನ್‌ಪೇಟೆ, ಮಾರಿಕುಪ್ಪಂ ಕಡೆ ಓಡಾಡುವವರು ಮುಂದಿನ ಚಕ್ರ ಬಿಚ್ಚಿದಾಗಲೆಲ್ಲ ಹಳೆಯ ಗ್ರೀಸು ಒರೆಸಿ ತೆಗೆದು ಹೊಸದು ತುಂಬಿಸುವುದು ಒಳ್ಳೆಯದು.

ಮುಳ್ಳು ಕುಣಿಯುವ ಕಾಯಿಲೆಗೆ ಮದ್ದು ಸಾಮಾನ್ಯವಾಗಿ ಕೇಬಲ್ಲಿನಲ್ಲಿರುತ್ತದೆ. ಒಳತಂತಿ ಒಣಗಿದ್ದರೆ ಅಥವಾ ಕೇಬಲ್ ಎಲ್ಲೋ ಚೂಪಾಗಿ ಬಾಗಿದ್ದರೆ ತಂತಿ ಒಂದೇ ಸಮನೆ ತಿರುಗದೆ ತಡೆದು ತಡೆದು ಜಿಗಿಯುತ್ತದೆ, ಮುಳ್ಳೂ ಜಿಗಿಯುತ್ತದೆ. ತಂತಿಯನ್ನು ಹೊರಗೆಳೆದು, ಒರೆಸಿ, ಸಮತಟ್ಟಾದ ನೆಲದ ಮೇಲೆ ಬೆರಳಲ್ಲಿ ಉರುಳಿಸಿ ನೋಡಿ. ಉರುಳುವಾಗ ತುದಿ ಪುಟಿದರೆ ತಂತಿ ತಿರುಚಿಕೊಂಡಿದೆ, ಅದನ್ನು ನೆಟ್ಟಗೆ ಮಾಡುವ ಪ್ರಯತ್ನ ಬೇಡ, ಹೊಸದು ಹಾಕಿ. ಸರಿಯಿದ್ದರೆ ಕೆಳಗಿನ ಮೂರನೇ ಎರಡು ಭಾಗಕ್ಕೆ ಮಾತ್ರ ತೆಳುವಾಗಿ ಗ್ರೀಸು ಹಚ್ಚಿ, ಮೀಟರಿನ ಕಡೆಯ ಒಂದು ಗೇಣನ್ನು ಒಣಗಿದ್ದಂತೆಯೇ ಬಿಡಿ. ಈ ಒಂದು ಗೇಣಿನ ನಿಯಮ ಮೀರಿದ್ದರಿಂದ ಹಾಳಾದ ಮೀಟರುಗಳು ಕಡಿಮೆಯೇನಲ್ಲ. ತಿರುಗುವ ತಂತಿ ಗ್ರೀಸನ್ನು ಮೇಲಕ್ಕೆ ಏರಿಸುತ್ತದೆ. ಅದು ಡಬ್ಬಿಯೊಳಗೆ ಹೊಕ್ಕು ಅಯಸ್ಕಾಂತಕ್ಕೂ ಬಟ್ಟಲಿಗೂ ನಡುವೆ ಸೇರಿದರೆ ಬಟ್ಟಲು ಅಂಟಿಕೊಂಡು ಅಯಸ್ಕಾಂತದ ಜೊತೆಯೇ ತಿರುಗಲು ಹೊರಡುತ್ತದೆ. ಗಾಡಿ 30ರಲ್ಲಿರುವಾಗ ಮುಳ್ಳು ನೂರು ದಾಟಿ ಕೊನೆಯ ಗೂಟಕ್ಕೆ ಬಡಿಯುವುದು ಹೀಗೆ.

ಮೀಟರನ್ನೇ ಯಾರೋ ಬದಲಿಸಿದ ಹಳೆಯ ಗಾಡಿಗಳಲ್ಲಿ ಇನ್ನೊಂದು ತೊಡಕು. ಪ್ರತಿ ಮೀಟರೂ ಕಿಲೋಮೀಟರಿಗೆ ಕೇಬಲ್ ಎಷ್ಟು ಸುತ್ತು ತಿರುಗಬೇಕೆಂಬ ಒಂದು ಸಂಖ್ಯೆಗೆ ಕಟ್ಟಿದ್ದು. ಜರ್ಮನಿಯ ವಿಡಿಒ ಡಯಲ್ಲಿನ ಮೂಲೆಯಲ್ಲಿ ಡಬ್ಲ್ಯು=1.0 ಎಂದು ಚಿಕ್ಕದಾಗಿ ಬರೆದಿದ್ದರೆ ಕಿಲೋಮೀಟರಿಗೆ 1,000 ಸುತ್ತು ಎಂದರ್ಥ. ಜಪಾನಿ ಬೈಕುಗಳಲ್ಲಿ 1,400 ಸುತ್ತಿನ ಮೀಟರುಗಳು ಸಾಮಾನ್ಯ. ಬ್ರಿಟನ್ನಿನ ಸ್ಮಿತ್ಸ್ ಡಯಲ್ಲಿನ ಮೇಲಿನ 1600 ಎಂಬ ಅಂಕಿ ಮೈಲಿಗೆ ಇಷ್ಟು ಸುತ್ತು ಎಂದು ಹೇಳುತ್ತದೆ, ಕಿಲೋಮೀಟರಿಗೆ ಅದು ಸುಮಾರು 994. ಲಿಟಲ್ ಇಂಗ್ಲೆಂಡ್ ಎಂದು ಕರೆಸಿಕೊಂಡಿದ್ದ ಕೆಜಿಎಫ್‌ನಂಥ ಊರಿನಲ್ಲಿ ಮೈಲಿ ಲೆಕ್ಕದ ಡಯಲ್ಲಿರುವ ಗಾಡಿ ಯಾರದೋ ಮನೆಯ ಹಿತ್ತಲಲ್ಲಿ ಸಿಕ್ಕರೆ ಮೊದಲು ಈ ಅಂಕಿಯನ್ನು ಹುಡುಕಬೇಕು. ಅಷ್ಟು ಹಳೆಯ ಡಯಲ್ಲಿನ ಮೇಲೆ ಕತ್ತಲಲ್ಲಿ ಹೊಳೆಯುವ ಬಣ್ಣವಿದ್ದರೆ ಅದನ್ನು ಕೆರೆಯಲೇಬಾರದು. ಆ ಕಾಲದ ಬಣ್ಣದಲ್ಲಿ ರೇಡಿಯಂ ಬಳಸುತ್ತಿದ್ದರು, ಅದರ ಪುಡಿ ಉಸಿರಿಗೆ ಹೋಗುವುದು ಅಪಾಯ.

ಗಾಡಿಯ ಕೇಬಲ್ ನಿಜಕ್ಕೂ ಎಷ್ಟು ಸುತ್ತು ತಿರುಗುತ್ತದೆಂದು ಮನೆಯಲ್ಲೇ ಅಳೆಯಬಹುದು. ಟೈರಿಗೂ ನೆಲಕ್ಕೂ ಸುಣ್ಣದ ಗುರುತು ಹಾಕಿ, ಒಬ್ಬರು ಗಾಡಿಯ ಮೇಲೆ ಕೂತಿರುವಾಗಲೇ ಹತ್ತು ಸುತ್ತು ಮುಂದಕ್ಕೆ ತಳ್ಳಿ, ಟೇಪಿನಲ್ಲಿ ದೂರ ಅಳೆದು ಹತ್ತರಿಂದ ಭಾಗಿಸಿ. ಇದು ಟೈರಿನ ನಿಜವಾದ ಉರುಳಳತೆ. ಭಾರಕ್ಕೆ ಟೈರು ಚಪ್ಪಟೆಯಾಗುವುದರಿಂದ ಪುಸ್ತಕದ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆಯೇ ಬರುತ್ತದೆ. ಆಮೇಲೆ ಮುಂದಿನ ಚಕ್ರ ಎತ್ತಿ ನಿಲ್ಲಿಸಿ, ಕೇಬಲ್ಲಿನ ಮೇಲ್ತುದಿ ಬಿಚ್ಚಿ, ಒಳತಂತಿಗೆ ಕಾಗದದ ಚೂರೊಂದನ್ನು ಬಾವುಟದಂತೆ ಅಂಟಿಸಿ. ಚಕ್ರವನ್ನು ನಿಧಾನವಾಗಿ ಇಪ್ಪತ್ತು ಸುತ್ತು ತಿರುಗಿಸಿ ಬಾವುಟ ಎಷ್ಟು ಸಲ ಸುತ್ತಿತೆಂದು ಎಣಿಸಿ. ಉರುಳಳತೆ 2 ಮೀಟರ್ ಇದ್ದರೆ ಕಿಲೋಮೀಟರಿಗೆ ಚಕ್ರ 500 ಸುತ್ತು. ಇಪ್ಪತ್ತು ಸುತ್ತಿಗೆ ಬಾವುಟ 40 ಸಲ ಸುತ್ತಿದ್ದರೆ ಕೇಬಲ್ ಕಿಲೋಮೀಟರಿಗೆ 1,000 ಸುತ್ತು. ಈ ಗಾಡಿಗೆ 1,400ರ ಮೀಟರ್ ಹಾಕಿದ್ದರೆ ಅದು ಯಾವತ್ತೂ ಸರಿ ತೋರಿಸದು. ಎಷ್ಟು ಬಾರಿ ರಿಪೇರಿ ಮಾಡಿಸಿದರೂ ಅಷ್ಟೇ. ಬಾವುಟ ಯಾವ ದಿಕ್ಕಿಗೆ ತಿರುಗಿತೆಂಬುದನ್ನೂ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಷ್ಟೆಲ್ಲ ಆಗಿ, ಓಡೋಮೀಟರ್ ಸರಿಯಿದೆ ಮುಳ್ಳು ಮಾತ್ರ ತಪ್ಪು ಎಂದು ಖಚಿತವಾದ ಮೇಲೆ ಡಬ್ಬಿ ಬಿಚ್ಚುವ ಮಾತು. ಅಂಚಿನ ಲೋಹದ ಬಳೆಯನ್ನು ಸ್ವಲ್ಪ ಸ್ವಲ್ಪವೇ ಸುತ್ತಲೂ ಎಬ್ಬಿಸಬೇಕು. ಒಂದೇ ಕಡೆ ಮೀಟಿದರೆ ಗಾಜು ಒಡೆಯುತ್ತದೆ. ಕೆಲಸದ ಮೇಜಿನ ಮೇಲೆ ಕಬ್ಬಿಣದ ಅರದ ಪುಡಿ ಇರಬಾರದು, ಅಯಸ್ಕಾಂತ ಅದನ್ನೆಲ್ಲ ಬಾಚಿಕೊಳ್ಳುತ್ತದೆ. ಮುಳ್ಳು ಸೊನ್ನೆಯ ಗೂಟಕ್ಕೆ ಒರಗಿರುತ್ತದೆ, ಅದು ಅದರ ನಿಜವಾದ ವಿಶ್ರಾಂತಿಯ ಜಾಗ ಅಲ್ಲ. ಮುಳ್ಳನ್ನು ಮೆಲ್ಲಗೆ ಎತ್ತಿ ಗೂಟ ದಾಟಿಸಿ ಬಿಟ್ಟರೆ ಸ್ಪ್ರಿಂಗಿನ ಒತ್ತಡವಿಲ್ಲದ ಜಾಗಕ್ಕೆ ಅದು ಹೋಗಿ ನಿಲ್ಲುತ್ತದೆ. ಆ ಜಾಗವನ್ನು ಡಯಲ್ಲಿನ ಮೇಲೆ ಪೆನ್ಸಿಲ್ಲಿನಿಂದ ಗುರುತು ಮಾಡಿದ ಮೇಲೆಯೇ ಮುಳ್ಳು ಕೀಳಬೇಕು. ಈ ಗುರುತು ತಪ್ಪಿದರೆ ಮತ್ತೆ ಸರಿಯಾಗಿ ಕೂರಿಸುವುದು ಬಹಳ ಕಷ್ಟ. ಬಟ್ಟಲು ಮತ್ತು ಅಯಸ್ಕಾಂತದ ನಡುವಿನ ಗ್ರೀಸು, ಧೂಳನ್ನು ಔಷಧದಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ತೆಳು ಬ್ರಷ್ಷಿನಿಂದ ತೊಳೆಯಬೇಕು, ಡಯಲ್ಲಿನ ಮೇಲೆ ಮುದ್ರಿಸಿದ ಅಂಕಿಗಳಿಗೆ ತಾಗಿಸದೆ. ಪೆಟ್ರೋಲು ಬೇಡ, ಪ್ಲಾಸ್ಟಿಕ್ ಹಾಳಾಗುತ್ತದೆ. ಸುರುಳಿ ಸ್ಪ್ರಿಂಗನ್ನು ಇಕ್ಕಳದಿಂದ ಮುಟ್ಟಬಾರದು. ಒಮ್ಮೆ ಅದರ ಸುತ್ತು ಕೆಟ್ಟರೆ ಮೀಟರಿನ ಕಥೆ ಮುಗಿಯಿತು. ಹೆಚ್ಚು ತೋರಿಸುವ ಮೀಟರುಗಳಲ್ಲಿ ಎಷ್ಟೋ ಈ ಶುಚಿ ಮಾಡುವ ಹಂತದಲ್ಲೇ ಸರಿಹೋಗುತ್ತವೆ.

ತಿದ್ದಿದ್ದು ಸರಿಯಾಯಿತೇ ಎಂದು ರಸ್ತೆಗೆ ಹೋಗದೆ ಮೇಜಿನ ಮೇಲೆಯೇ ನೋಡಬಹುದು. ಹಳೆಯ ಒಳತಂತಿಯ ತುಂಡನ್ನು, ಚೌಕದ ತುದಿ ಹೊರಗಿರುವಂತೆ, ವೇಗ ಹೆಚ್ಚುಕಡಿಮೆ ಮಾಡಬಹುದಾದ ಡ್ರಿಲ್ಲಿಗೆ ಸಿಕ್ಕಿಸಿ ಮೀಟರಿಗೆ ಜೋಡಿಸಬೇಕು. ಡ್ರಿಲ್ಲಿನ ಚಕ್ಕಿಗೆ ಪ್ರತಿಫಲಿಸುವ ಪಟ್ಟಿ ಅಂಟಿಸಿ ಬೆಳಕಿನ ಟ್ಯಾಕೋಮೀಟರ್ ಹಿಡಿದರೆ ನಿಮಿಷಕ್ಕೆ ಎಷ್ಟು ಸುತ್ತು ಎಂದು ತಿಳಿಯುತ್ತದೆ. 1,000 ಸುತ್ತಿನ ಮೀಟರಾದರೆ ನಿಮಿಷಕ್ಕೆ 500 ಸುತ್ತಿನಲ್ಲಿ ಮುಳ್ಳು 30ಕ್ಕೆ, 1,000ದಲ್ಲಿ 60ಕ್ಕೆ ಬರಬೇಕು. 1,400ರದ್ದಾದರೆ 700ಕ್ಕೆ 30, 1,400ಕ್ಕೆ 60. ಡ್ರಿಲ್ಲು ಬಾವುಟ ತಿರುಗಿದ ದಿಕ್ಕಿಗೇ ತಿರುಗಬೇಕು. ಉಲ್ಟಾ ತಿರುಗಿಸಿದರೆ ಮುಳ್ಳು ಗೂಟಕ್ಕೆ ಬಡಿದು ಸ್ಪ್ರಿಂಗು ಕೆಡುತ್ತದೆ. ಎಲ್ಲ ವೇಗದಲ್ಲೂ ಒಂದೇ ಸಮನಾಗಿ 5 ಕಿಲೋಮೀಟರ್ ಹೆಚ್ಚು ತೋರಿಸಿದರೆ ಮುಳ್ಳನ್ನು ಅಚ್ಚಿನ ಮೇಲೆ ಅಷ್ಟು ಹಿಂದಕ್ಕೆ ಸರಿಸಿ ಕೂರಿಸಿದರೆ ಮುಗಿಯಿತು. 30ರಲ್ಲಿ 33, 60ರಲ್ಲಿ 66, 90ರಲ್ಲಿ 99 ಹೀಗೆ ಪ್ರಮಾಣದಲ್ಲಿ ಏರುತ್ತಾ ಹೋದರೆ ಮುಳ್ಳು ಸರಿಸಿ ಪ್ರಯೋಜನವಿಲ್ಲ, 60ರಲ್ಲಿ ಸರಿಹೋದದ್ದು 30ರಲ್ಲಿ ಕಡಿಮೆ ತೋರಿಸತೊಡಗುತ್ತದೆ. ಅದು ಸ್ಪ್ರಿಂಗಿನ ಬಿಗುವು ಅಥವಾ ಅಯಸ್ಕಾಂತದ ಬಲಕ್ಕೆ ಸೇರಿದ ದೋಷ. ಅಯಸ್ಕಾಂತಕ್ಕೆ ಮತ್ತೆ ಬಲ ತುಂಬುವ, ಹೆಚ್ಚಾದದ್ದನ್ನು ಇಳಿಸುವ ಸುರುಳಿಯಂತ್ರ ಮೀಟರ್ ರಿಪೇರಿಯವರಲ್ಲಿ ಮಾತ್ರ ಇರುತ್ತದೆ.

ಆ ಹಂತದಲ್ಲಿ ಮನೆಯ ಪ್ರಯೋಗ ನಿಲ್ಲಿಸಬೇಕು. ಬೆಂಗಳೂರಿನ ಜೆ.ಸಿ. ರಸ್ತೆ ವಾಹನದ ಬಿಡಿಭಾಗಗಳಿಗೆ ಹೆಸರಾದದ್ದು. ಕೆಜಿಎಫ್‌ನಲ್ಲಿ ಗಣಿಯ ವರ್ಕ್‌ಶಾಪುಗಳಲ್ಲೂ 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್‌ನಲ್ಲೂ ದುಡಿದು ನಿವೃತ್ತರಾದ ಫಿಟ್ಟರು, ಟರ್ನರುಗಳು ಇದ್ದಾರೆ. ಪಿನಿಯನ್ ಕಡೆಯುವುದು, ಬುಷ್ ಹಾಕುವುದು ಅವರಿಗೆ ಹೊಸದಲ್ಲ. ಯಾರ ಬಳಿ ಹೋದರೂ "ಮೀಟರ್ ಸರಿಯಿಲ್ಲ" ಎಂದಷ್ಟೇ ಹೇಳಿ ಗಾಡಿ ಬಿಡಬೇಡಿ. ಐದು ಕಿಲೋಮೀಟರಿಗೆ ಓಡೋಮೀಟರ್ ಎಷ್ಟು, ಮುಳ್ಳು 30, 40, 50 ಎಂದಾಗ ಜಿಪಿಎಸ್ ಎಷ್ಟು, ಕೇಬಲ್ಲಿನ ಸುತ್ತು ಎಷ್ಟು, ಟೈರಿನ ಅಳತೆ ಯಾವುದು ಎಂದು ಚೀಟಿಯಲ್ಲಿ ಬರೆದುಕೊಡಿ. ಆ ನಾಲ್ಕು ಸಾಲು ಕೈಯಲ್ಲಿದ್ದರೆ ಒಳ್ಳೆಯ ಕೆಲಸಗಾರರು ಡಬ್ಬಿ ಬಿಚ್ಚುವ ಮೊದಲೇ ದೋಷ ಹೇಳಬಲ್ಲರು, ಬೇಡದ ಭಾಗ ಬದಲಿಸುವವರಿಗೂ ಅವಕಾಶ ಕಡಿಮೆಯಾಗುತ್ತದೆ.

ಕೊನೆಯದಾಗಿ ಓಡೋಮೀಟರಿನ ಅಂಕಿಯ ವಿಷಯ. ಡಬ್ಬಿ ತೆರೆದಾಗ ಅಂಕಿಯನ್ನು ಹಿಂದಕ್ಕೆ ತಿರುಗಿಸಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಅದು ಕೊಳ್ಳುವವರಿಗೆ ಮಾಡುವ ವಂಚನೆ, ಒಪ್ಪಬೇಡಿ. ಹೊಸ ಮೀಟರ್ ಹಾಕಿಸಿದರೆ ಹಳೆಯದರ ಕೊನೆಯ ಅಂಕಿ, ಹೊಸದರ ಮೊದಲ ಅಂಕಿ, ಬದಲಿಸಿದ ದಿನಾಂಕ ಮೂರನ್ನೂ ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ. ಗಾಡಿ ಮಾರುವಾಗ ಆ ಪುಟವನ್ನು ಕೊಳ್ಳುವವರಿಗೆ ತೋರಿಸಿ.